ಬ್ಲೌಸಿನ ಅಂಗಡಿಯ ಗಾಜಿನ ಬಾಗಿಲು

೧. ಸೂತ

ದೊಡವಾಡದ ಬಡಿಗೇರ ಫೋನ್ ಮಾಡಿದ. "ಕಾಕಾ, ಟೇಲರ್ ಬಾಯಾರ ಬಾಗಲದ ಕೆಲಸಾ ತಡೀರಿ. ಸೂತ ಕ..." ಅಷ್ಟಕ್ಕೆ ಫೋನು ಕಟ್ಟಾಯಿತು.

ಬೈಲಹೊಂಗಲದಲ್ಲಿ ನನ್ನದು ಗಾಜಿನ ಅಂಗಡಿ. ಸೂತ ಎಂದರೆ ಇಂಚಿನ ಎಂಟನೆಯ ಒಂದು ಪಾಲು. ನಮ್ಮ ಕೆಲಸದಲ್ಲಿ ದಿನವೂ ಬಾಯಿಗೆ ಬರುವ ಮಾತು. ಆದರೂ ನನಗೆ ಅದು ಸೂತಕ ಎಂದೇ ಕೇಳಿಸಿತು.

ಟೇಲರ್ ಬಾಯಿ ಓಣಿಯೊಳಗಿನ ಹೊಲಿಗೆ ಬಿಟ್ಟು ಪೇಟೆ ರಸ್ತೆಯಲ್ಲಿ ಬ್ಲೌಸಿನ ಅಂಗಡಿ ಹಾಕುವವಳಿದ್ದಳು. ಮುಂದಿನ ಶುಕ್ರವಾರ ಒಂಬತ್ತೂವರೆಗೆ ಮುಹೂರ್ತ. ಅದು ತಪ್ಪಿದರೆ ಮತ್ತೊಂದು ಒಳ್ಳೆಯ ದಿನ ಬರುವುದು ಮದುವೆಯ ಹಂಗಾಮು ಮುಗಿದ ಮೇಲೆ. ಇಂಥ ಹೊತ್ತಿನಲ್ಲಿ ಸಾವು. ಗಾಜಿನ ಆರ್ಡರ್ ನಿಲ್ಲಿಸಿದೆ. ಎರಡು ದಿನ ಬಿಟ್ಟು ಮಾತಾಡಿಸಿ ಬರಲು ಹೊಸ ಅಂಗಡಿಗೆ ಹೋದೆ.

ಆಕೆ ಯಾರದೋ ತೋಳಿನ ಅಳತೆ ತೆಗೆಯುತ್ತಿದ್ದಳು. ನಾನು ಮೂಲೆಯಲ್ಲಿ ಕುಳಿತೆ. ಆಕೆ ಟೇಪು ಸುತ್ತಿಟ್ಟ ಮೇಲೆ ಕೇಳಿದೆ.

"ಯಾರ ಹ್ವಾದ್ರು, ತಂಗಿ?"

"ಬಡಿಗೇರ ಹ್ವಾದ."

ಕುಳಿತಲ್ಲಿಂದ ಎದ್ದೆ. ಮೊನ್ನೆ ಫೋನಿನಲ್ಲಿ ಮಾತಾಡಿದವನು.

"ಯಾವಾಗ?"

"ಈಗ. ಚಾ ಕುಡ್ಯಾಕ."

೨. ತಪ್ಪು

ಚಹಾ ಕುಡಿದು ಬಂದ ಬಡಿಗೇರ ಹೇಳಿದ್ದಿಷ್ಟು: ಚೌಕಟ್ಟು ಬಿಗಿಯಾಗಿದೆ, ಗಾಜು ಒಂದು ಸೂತ ಕಡಿಮೆ ಬೇಕು. ಕಾಸಿ ಗಟ್ಟಿ ಮಾಡಿದ ಟಫನ್ ಗಾಜನ್ನು ಆಮೇಲೆ ಕೊಯ್ಯಲು ಬರುವುದಿಲ್ಲ. ಅಳತೆ ಸರಿಮಾಡಿ ಅಂದೇ ಬೆಳಗಾವಿಗೆ ಹೇಳಿದೆ. ಗುರುವಾರ ಮುಂಜಾನೆ ಗಾಜು ಬಂತು. ಕೂಡಿಸಿದೆ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

ಹೊಸ ಗಾಜು ಕಣ್ಣಿಗೆ ಕಾಣುವುದಿಲ್ಲ. ಜನ ಬಂದು ಬಡಿದುಕೊಳ್ಳಬಾರದೆಂದು ಅದರ ಮೇಲೆ ಸುಣ್ಣದಲ್ಲಿ ದೊಡ್ಡದೊಂದು ಓರೆಗೆರೆ, ಅದನ್ನು ಕತ್ತರಿಸುವಂತೆ ಇನ್ನೊಂದು ಓರೆಗೆರೆ ಎಳೆಯುವುದು ನಮ್ಮ ಪದ್ಧತಿ. ಎಳೆದೆ.

ಟೇಲರ್ ಬಾಯಿ ನೋಡಿದಳು. "ಇದೇನ್ರಿ ಕಾಕಾ, ಸಾಲಿ ಮಾಸ್ತರಗತೆ ತಪ್ಪ ಹಾಕೀರಿ?"

"ಗುರುತ ಅದು."

"ಅಂಗಡಿ ಚಾಲೂ ಆಗೂದಕ್ಕಿಂತ ಮೊದಲs ತಪ್ಪ ಬ್ಯಾಡ್ರಿ. ಅಳಸ್ರಿ."

ಅಳಿಸಿದೆ. ಚಹಾ ಕುಡಿದು ಹತ್ತು ನಿಮಿಷಕ್ಕೆ ತಿರುಗಿ ಬಂದೆ. ನೇರ ಹೋಗಿ ಬಾಗಿಲಿಗೆ ಹಣೆ ಬಡಿದೆ. ಗಾಜಿಗೆ ಏನೂ ಆಗಲಿಲ್ಲ.

ಆಕೆ ಒದ್ದೆ ಅರಿವೆ ತಂದು ಹಣೆಗೆ ಒತ್ತಿದಳು. "ಈಗ ತಪ್ಪ ಯಾರದ್ರಿ, ಕಾಕಾ?"

೩. ಹೆಸರು

ಮಧ್ಯಾಹ್ನ ಪೇಂಟರ್ ಬಂದ. ಮಳೆಗೆ ಅಳಿಸಬಾರದೆಂದು ಅಂಗಡಿಯ ಹೆಸರನ್ನು ಬಾಗಿಲ ಒಳಮೈಗೆ ಬರೆದ. ಅಕ್ಷರ ಮುತ್ತಿನಂತಿದ್ದವು. ರಸ್ತೆಯಿಂದ ನೋಡಿದರೆ ಎಲ್ಲ ಉಲ್ಟಾ.

"ಹೊರಗಿನ ಮಂದಿ ಹೆಂಗ ಓದಬೇಕೋ ಇದನ್ನ?" ಎಂದಳು ಟೇಲರ್ ಬಾಯಿ.

"ಒಳಗ ಬಂದ ಓದ್ಲಿ ಬಿಡ್ರಿ," ಎಂದ ಪೇಂಟರ್. "ಗಿರಾಕಿ ಒಳಗ ಬರೂದs ಬೇಕಲ್ಲ ನಿಮಗ?"

೪. ಕಾಯಿ

ಶುಕ್ರವಾರ ಒಂಬತ್ತಕ್ಕೆ ಜನ ಸೇರಿದರು. ಆಕೆಯ ಅತ್ತೆ ಬಾಗಿಲನ್ನು ಬೆರಳಿನಿಂದ ತಟ್ಟಿ ತಟ್ಟಿ ನೋಡುತ್ತಿದ್ದಳು.

"ಇದು ಖರೇನ ಒಡ್ಯಂಗಿಲ್ಲೇನ್ರಿ?"

ನಾನು ಗಾಜಿನ ನಡುಮಧ್ಯ ಮುಷ್ಟಿಯಿಂದ ಗುದ್ದಿ ತೋರಿಸಿದೆ. "ಕಲ್ಲಿಗಿಂತ ಗಟ್ಟಿ ಐತಿ."

ಟಫನ್ ಗಾಜಿನ ಜೀವ ಅದರ ಅಂಚಿನಲ್ಲಿರುತ್ತದೆ. ನಡುವೆ ಎಷ್ಟು ಗುದ್ದಿದರೂ ತಡೆಯುತ್ತದೆ. ಅಂಚಿಗೆ ಪೆಟ್ಟು ಬಿದ್ದರೆ ಇಡೀ ಗಾಜು ಕಾಳು ಕಾಳಾಗುತ್ತದೆ. ಅದನ್ನೂ ಹೇಳಬೇಕಿತ್ತು. ನನಗೆ ಮಾತು ಕಡಿಮೆ.

ಪೂಜೆ ಆಯಿತು. ಅತ್ತೆ ಕಾಯಿ ಒಡೆಯಲು ನೆಲಕ್ಕೆ ಬಾಗಿದಳು.

"ಅತ್ತಿ, ಅಲ್ಲೆ ಬ್ಯಾಡ್ರಿ. ಹೊಸಾ ಫರಸಿ, ಸೀಳತೈತಿ," ಎಂದಳು ಸೊಸೆ.

ಅತ್ತೆ ಎದ್ದು ನಿಂತು ಸುತ್ತ ನೋಡಿದಳು. ಎಲ್ಲಿಯೂ ಒಂದು ಕಲ್ಲಿರಲಿಲ್ಲ. ಬಾಗಿಲು ಅರ್ಧ ತೆರೆದಿತ್ತು, ಅಂಚು ಆಕೆಯ ಕಡೆಗಿತ್ತು.

"ಕಲ್ಲಿಗಿಂತ ಗಟ್ಟಿ ಐತಿ ಅಂತ ಇವರs ಹೇಳ್ಯಾರಲ್ಲ," ಎಂದಳು. ನಾನು ಬಾಯಿ ತೆರೆಯುವುದರೊಳಗೆ ಕಾಯಿ ಎತ್ತಿ ಅಂಚಿಗೆ ಹೊಡೆದಳು.

ಬಾಗಿಲು ಜೋಳದ ಚೀಲ ಬಿಚ್ಚಿದಂತೆ ಕೆಳಗೆ ಸುರಿಯಿತು. ಯಾರಿಗೂ ಗಾಯವಾಗಲಿಲ್ಲ. ಆ ಗಾಜು ಇರುವುದೇ ಹಾಗೆ. ಖಾಲಿ ಚೌಕಟ್ಟು ಮಾತ್ರ ನಿಂತಿತ್ತು.

ಅತ್ತೆ ಕಾಯಿಯನ್ನು ತಿರುಗಿಸಿ ನೋಡಿದಳು. ಕಿವಿಯ ಹತ್ತಿರ ಅಲ್ಲಾಡಿಸಿದಳು.

"ಕಾಯಿ ಗಟ್ಟಿ ಐತಿ," ಎಂದಳು.

ಟೇಲರ್ ಬಾಯಿ ಗಡಿಯಾರ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಮುಹೂರ್ತಕ್ಕ ಹತ್ತ ನಿಮಿಷ ಐತ್ರಿ, ಕಾಕಾ. ಈಗೇನ ಮಾಡೂದು?"

"ಕಸಬರಗಿ ಕೊಡು," ಎಂದೆ.

ನಾನು, ಬಡಿಗೇರ, ಪೇಂಟರ್ ಮೂವರೂ ಗಾಜಿನ ಕಾಳು ಗುಡಿಸಿದೆವು. ಒಂಬತ್ತೂವರೆಗೆ ಸರಿಯಾಗಿ ಅಂಗಡಿ ಚಾಲೂ ಆಯಿತು. ಬಾಗಿಲು ತೆರೆಯುವ ಕೆಲಸ ಇರಲಿಲ್ಲ.