ರಬ್ಬರ್ ಬ್ಯಾಂಡ್ ಪಾಠದ ಮೇಲೆ ಅನುಮಾನ

ಉರಿಗಾಂನಿಂದ ಬಸ್ಸು ಹತ್ತಿ ಬೇತಮಂಗಲದ ಪಕ್ಕದ ಹಳ್ಳಿ ಶಾಲೆಗೆ ಇಂಗ್ಲಿಷ್ ಕಲಿಸಲು ಹೋಗುವ ನನ್ನನ್ನು ಯಾರೂ ಅನುಮಾನದಿಂದ ನೋಡಲಿಲ್ಲವೆಂದರೆ ಅವತ್ತು ಶಾಲೆಗೆ ರಜೆ ಎಂದೇ ಅರ್ಥ.

ಹೆಡ್ ಮೇಷ್ಟ್ರು

ಇಂಗ್ಲಿಷಿನ ಗಿಡ್ಡ ಸ್ವರ, ಉದ್ದ ಸ್ವರ ಕಲಿಸಲು ಮಕ್ಕಳ ಕೈಗೆ ಒಂದೊಂದು ರಬ್ಬರ್ ಬ್ಯಾಂಡ್ ಕೊಟ್ಟಿದ್ದೆ. ಉದ್ದ ಸ್ವರ ಬಂದರೆ ಎಳೆಯಬೇಕು, ಗಿಡ್ಡದ್ದು ಬಂದರೆ ಸುಮ್ಮನೆ ಹಿಡಿಯಬೇಕು. ಎಲ್ಲರೂ ಹಲ್ಲು ಕಿರಿದು "ಈ..." ಎಂದು ಎಳೆಯುತ್ತಿರುವಾಗ ಹೆಡ್ ಮೇಷ್ಟ್ರು ಬಾಗಿಲಿಗೆ ಬಂದರು.

"ಇದು ಸಿಲೆಬಸ್ಸಲ್ಲಿದೆಯೇನಮ್ಮಾ?"

"ಇದೆ ಸಾರ್."

"ರಬ್ಬರ್ರೂ?"

ಒಂದು ಬ್ಯಾಂಡನ್ನು ಜೇಬಿಗಿಳಿಸಿ ಹೋದರು. ಸಾಕ್ಷಿಗಿರಬೇಕೆಂದು ವಾರವೆಲ್ಲ ಹೆದರಿದೆ. ಆಮೇಲೆ ನೋಡಿದರೆ ಅದು ಅವರ ಊಟದ ಡಬ್ಬಿಯ ಮುಚ್ಚಳ ಕಾಯುತ್ತಿತ್ತು.

ಹಸು

ಮೂರನೇ ಕ್ಲಾಸಿನ ಹುಡುಗಿಯ ಅಜ್ಜಿ ಹಾಲಿನ ಕ್ಯಾನ್ ಸಮೇತ ಬಂದರು.

"ಮೇಡಮ್ಮಾ, ಏನ್ ಕಲಿಸ್ತಿದ್ದೀರ? ಮೊಮ್ಮಗಳು ಕೊಟ್ಟಿಗೇಲಿ ಕೂತ್ಕಂಡು ಅಲ್ಲು ಕಿರ್ದು 'ಈ' ಅಂತಾಳೆ. ಅಸ ಬೆದ್ರಿ ಆಲೇ ಕೊಡ್ತಿಲ್ಲ. ಉಪ್ಪು ಮೆಣಸಿನಕಾಯಿ ನೀವಾಳ್ಸಿ ದೃಷ್ಟಿನೂ ತೆಗ್ದಾಯ್ತು."

"ಯಾರಿಗೆ, ಮಗೂಗಾ?"

"ಇಬ್ಬರ್ಗೂ! ಟಿಸಿ ಕೊಡಿ, ಬಂಗಾರಪೇಟೆ ಕಾನ್ವೆಂಟ್‌ಗೆ ಸೇರಿಸ್ತೀವಿ."

ಕ್ಲಾಸಿನಲ್ಲಿ ಹೆದರದೆ ಬಾಯಿ ಬಿಡುವವಳು ಅವಳೊಬ್ಬಳೇ. ಅವಳನ್ನು ಕಳಿಸಲು ನನಗೆ ಮನಸ್ಸೇ ಇರಲಿಲ್ಲ. ಎಂಟು ದಿನ ಕೊಡಿ ಎಂದು ಕೈಮುಗಿದೆ.

"ಕೊಡ್ತೀನಿ. ಎಂಟು ದಿನಾನೂ ಕಿಟಕಿತಾವ ನಾನಿರ್ತೀನಿ."

ಕಿಟಕಿ

ಮಾತಿಗೆ ತಪ್ಪಲಿಲ್ಲ. ಅವರೆಕಾಯಿ ಬಿಡಿಸುತ್ತ ಹೊರಗೆ ಕೂತರು. ನನ್ನ ಕೈಯಿಂದ ಒಂದು ರಬ್ಬರ್ ಇಸ್ಕೊಂಡು ಮೂಸಿದರು, ಎಳೆದರು, ವಾಪಸ್ ಕೊಡಲಿಲ್ಲ.

"ಮನೇಲಿ ಪರೀಕ್ಷೆ ಮಾಡ್ತೀನಿ."

ಪರೀಕ್ಷೆ ಮುಗಿಯಲೇ ಇಲ್ಲ. ದಿನಾ ಅದನ್ನು ಬಳೆಗಳ ಜೊತೆ ತೊಟ್ಟೇ ಬರುತ್ತಿದ್ದರು.

ಸಾಹೇಬರು

ಎಂಟನೇ ದಿನ ತಪಾಸಣೆಗೆ ಸಾಹೇಬರೊಬ್ಬರು ಬಂದರು. ಕುರಿಯ ಚಿತ್ರ ತೋರಿಸಿ, ಅದರ ಇಂಗ್ಲಿಷ್ ಹೆಸರನ್ನು 'ಶಿಪ್' ಎಂದು ಗಿಡ್ಡವಾಗಿ ಹೇಳಿ, "ಎಲ್ಲರೂ ಹೇಳಿ" ಎಂದರು. ಮಕ್ಕಳು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಸಾರ್, ಎಳೀಲೇ ಇಲ್ಲ ನೀವು!" ಕಿಟಕಿಯಿಂದ ಅಜ್ಜಿಯ ಕೈ ಒಳಗೆ ಬಂತು, ರಬ್ಬರ್ ಸಮೇತ. "ಶೀ...ಪು!"

ಸಾಹೇಬರು ಬೆಚ್ಚಿದರು. "ಯಾರಮ್ಮಾ ನೀವು?"

"ಅನುಮಾನ ಬಂದು ಕಾಯಕ್ಕೆ ಕೂತೋಳು. ನೀವ್ ಓದಿದ್ದೆಲ್ಲಿ ಸಾರ್?"

"ಬಂಗಾರಪೇಟೆ ಕಾನ್ವೆಂಟಲ್ಲಿ," ಎಂದರು ಸಾಹೇಬರು, ಎದೆಯುಬ್ಬಿಸಿ.

ಅಜ್ಜಿ ನನ್ನತ್ತ ತಿರುಗಿದರು.

"ಮೇಡಮ್ಮಾ, ಟಿಸಿ ಬ್ಯಾಡ."