ಲಾಯದ ಬೀದಿಯಲ್ಲಿ ಹರಿಗೋಲಿಗೆ ಕಾದದ್ದು

ಊರನ್ನು ನೆನೆದು ಕೊರಗುವುದಕ್ಕೂ ಒಂದು ಕನಿಷ್ಠ ದೂರ ಬೇಕು ಎಂಬುದು ನನಗೆ ತಡವಾಗಿ ತಿಳಿಯಿತು. ವಿದೇಶಕ್ಕೆ ಹೋದವರು ಊರು ಊರು ಎಂದು ಕಣ್ಣೊರೆಸಿಕೊಂಡರೆ ಕೇಳಿದವರೂ ಜೊತೆಗೆ ಒರೆಸಿಕೊಳ್ಳುತ್ತಾರೆ. ಹೆಗ್ಗಡದೇವನಕೋಟೆಯವನೊಬ್ಬ ಮೈಸೂರಿನಲ್ಲಿ ಕೂತು ಒರೆಸಿಕೊಂಡರೆ ಬಸ್ಸಿನ ಟೈಮು ಹೇಳುತ್ತಾರೆ. ನನ್ನ ಹೆಂಡತಿಯಂತೂ, "ಅಷ್ಟೊಂದು ಆಸೆ ಇದ್ರೆ ಬೆಳಗ್ಗೆ ಹೋಗಿ ಸಾಯಂಕಾಲ ಬಂದ್ಬಿಡಿ. ಬರ್ತಾ ಅವರೆಕಾಯಿ ತನ್ನಿ" ಎಂದು ನನ್ನ ಹಂಬಲಕ್ಕೆ ಒಂದು ಚೀಲವನ್ನೂ ಕೊಟ್ಟುಬಿಡುತ್ತಿದ್ದಳು. ಆದರೆ ಕೋಟೆಗೆ ಬಸ್ಸಿದೆ, ಇಳಿದ ಮೇಲೆ ಹೋಗುವುದಕ್ಕೆ ಮನೆಯಿಲ್ಲ. ಅಪ್ಪ ಅಲ್ಲಿ ಪೋಸ್ಟ್ ಮಾಸ್ಟರ್ ಆಗಿದ್ದವರು, ನಾವಿದ್ದದ್ದು ಬಾಡಿಗೆ ಮನೆಯಲ್ಲಿ. ಒಮ್ಮೆ ಹೋಗಿ ನೋಡಿದೆ. ನಾವು ಮಲಗುತ್ತಿದ್ದ ನಡುಮನೆಯಲ್ಲಿ ಸ್ಕೂಟರಿನ ಬಿಡಿಭಾಗಗಳ ಅಂಗಡಿಯಿತ್ತು. ಬಾಗಿಲಲ್ಲಿ ಬಹಳ ಹೊತ್ತು ನಿಂತೇ ಇದ್ದ ನನ್ನನ್ನು ಅಂಗಡಿಯವನು "ಏನ್ ಬೇಕು ಸಾರ್?" ಎಂದು ಕೇಳಿದ. ಏನು ಬೇಕೆಂದು ಅವನಿಗೆ ಹೇಳುವುದು? ಒಂದು ಬ್ರೇಕ್ ಕೇಬಲ್ ಕೊಂಡು ಬಂದೆ. ನನ್ನ ಬಳಿ ಇರುವುದು ಸೈಕಲ್ಲು.

ಇದು ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಆಗ ನಮ್ಮ ಬಡಾವಣೆಯಲ್ಲಿ ಒಬ್ಬರು ನಿವೃತ್ತ ಚರಿತ್ರೆ ಮೇಷ್ಟ್ರಿದ್ದರು. ನಿವೃತ್ತರಾದದ್ದು ಸಂಬಳದಿಂದ ಮಾತ್ರ, ಪಾಠದಿಂದಲ್ಲ. ಭಾನುವಾರದ ಬೆಳಿಗ್ಗೆ ನಾಲ್ಕಾರು ಜನರನ್ನು ಕಟ್ಟಿಕೊಂಡು ಮೈಸೂರಿನ ಹಳೆಯ ಬೀದಿಗಳನ್ನು ಸುತ್ತುವರು. ಈ ಕಮಾನು ಯಾವ ಕಾಲದ್ದು, ಈ ಬಾವಿ ಯಾರು ತೋಡಿಸಿದ್ದು ಎಂದು ಕೇಳಿ ನಮ್ಮ ಬೆವರಿಳಿಸುವರು. ಕೊನೆಗೆ ಒಂದು ಪುಸ್ತಕ ತರುವುದೆಂದು ತೀರ್ಮಾನವಾಗಿ ಒಬ್ಬೊಬ್ಬರಿಗೆ ಒಂದೊಂದು ಬೀದಿ ಹಂಚಿದರು. ನನ್ನ ಪಾಲಿಗೆ ಬಂದದ್ದು ನಮ್ಮ ಮನೆಯ ಹಿಂದಿನ ಹಳೇ ಲಾಯದ ಬೀದಿ. ಅಲ್ಲಿ ಹಿಂದೆ ಅರಮನೆಯ ಕುದುರೆಗಳಿದ್ದವಂತೆ. ಅದನ್ನು ಬಲ್ಲವರು ಉಳಿದದ್ದು ಒಬ್ಬರೇ, ಎಪ್ಪತ್ತು ದಾಟಿದ ಚಿಕ್ಕತಾಯಮ್ಮ. ಅವರ ಮಾವ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವರು.

ಇನ್ನೂರು ಪುಟದ ನೋಟ್‌ಬುಕ್ ಹಿಡಿದು ಹೋದೆ. ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದರು.

"ಯಾವೂರಪ್ಪ ನಿಂದು?" ಎಂದರು.

"ಕೋಟೆ ಅಜ್ಜಿ."

"ಕ್ವಾಟೆನಾ? ಅಂಗಾದ್ರೆ ನಮ್ಮೋನೇ ಕಣ ಬುಡು. ಕೂತ್ಕೊ."

ಇಷ್ಟೇ. ಇಪ್ಪತ್ತು ವರ್ಷದಿಂದ ಆಫೀಸಿನಲ್ಲಿ ಇಸ್ತ್ರಿ ಮಾಡಿದ ಕನ್ನಡವನ್ನೇ ಕೇಳಿ ಕೇಳಿ ಒಣಗಿದ್ದ ನನ್ನ ಕಿವಿಗೆ ಆ 'ಕಣ ಬುಡು' ಬಿದ್ದದ್ದೇ ತಡ, ಲಾಯ, ಕುದುರೆ, ಮೇಷ್ಟ್ರು ಎಲ್ಲ ಮರೆತುಹೋಯಿತು. ಅಜ್ಜಿ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಅವರ ಯಾವ ಕತೆಯಾದರೂ ಒಂದೇ ಕಡೆಯಿಂದ ಹೊರಡುತ್ತಿತ್ತು. "ಅರಿಗೋಲು ಆ ದಡದಾಗಿತ್ತಾ, ನಾವು ಈ ದಡದಾಗೆ ಕಾಯ್ತಾ ಕುಂತಿದ್ವಾ..." ಕಾದು ಕೂತಲ್ಲಿ ಯಾರೋ ಒಬ್ಬರು ಸಿಗುತ್ತಿದ್ದರು, ಅವರಿಂದ ಒಂದು ಮದುವೆ, ಒಂದು ಜಗಳ, ರಾಗಿ ಹೊಲಕ್ಕೆ ನುಗ್ಗಿದ ಆನೆ, ಹಂದಿ ಕಾಯಲು ಮರದ ಮೇಲೆ ಕಟ್ಟಿದ ಅಟ್ಟಣೆ. ಆರು ಭಾನುವಾರ ಹೀಗೆ ಕಳೆದವು. ಅಷ್ಟು ಸುಖವಾಗಿ ನಾನು ಯಾವ ಕೆಲಸವನ್ನೂ ಮಾಡಿದವನಲ್ಲ.

ಏಳನೆಯ ಭಾನುವಾರ ಮೇಷ್ಟ್ರ ಮನೆಯ ವರಾಂಡದಲ್ಲಿ ಎಲ್ಲರೂ ತಮ್ಮ ತಮ್ಮ ಬೀದಿ ಓದಬೇಕಾಯಿತು. ನಾನು ಗಂಟಲು ಸರಿಮಾಡಿಕೊಂಡು ಓದಿದೆ. ಆನೆ ಬಂದಾಗ ಎಲ್ಲರೂ ತಲೆದೂಗಿದರು, ಮೈಸೂರೆಂದ ಮೇಲೆ ಆನೆಗೇನು ಕಡಿಮೆ. ಕಾಡುಹಂದಿಯನ್ನೂ ಒಬ್ಬರು ಅರಮನೆಯ ಬೇಟೆಗೆ ಸೇರಿಸಿ ಸಮಾಧಾನಪಟ್ಟರು. ಆಮೇಲೆ ನಾನು, "ಬೀದಿಯ ಪಡುವಣ ತುದಿಯಲ್ಲಿ ಹೊಳೆ ದಾಟಲು ಜನ ಹರಿಗೋಲಿಗೆ ಕಾಯುತ್ತಿದ್ದರು" ಎಂದು ಓದಿದೆ. ಮೇಷ್ಟ್ರು ಕನ್ನಡಕ ತೆಗೆದರು.

"ಯಾವ ಹೊಳೆ?"

"ನಮ್ಮ ಹೊಳೆ ಸಾರ್."

"ಮೈಸೂರಲ್ಲಿ ಹೊಳೆ ಎಲ್ಲಿದೆ ಕಣ್ರೀ?"

"ಬತ್ತಿ ಹೋಗಿರಬಹುದು ಸಾರ್" ಎಂದೆ.

ಆ ವರಾಂಡದಲ್ಲಿ ಎದ್ದ ನಗು ನಮ್ಮ ಮನೆಯವರೆಗೂ ಕೇಳಿಸಿರಬೇಕು. ಇಪ್ಪತ್ತು ವರ್ಷ ಇದೇ ಊರಿನಲ್ಲಿ ನಲ್ಲಿಯ ಮುಂದೆ ಕೊಡ ಹಿಡಿದು ನಿಂತವನಿಗೆ ಇಲ್ಲಿ ಹೊಳೆಯಿಲ್ಲವೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅಜ್ಜಿ ಹೇಳುವಾಗ ಬೀದಿಯ ತುದಿಯಲ್ಲಿ ನಮ್ಮ ಕೋಟೆ ಕಡೆಯ ಕಪಿಲೆ ಹರಿಯುವುದು ನನಗೆ ಎಷ್ಟು ಸಹಜವಾಗಿ ಕಂಡಿತ್ತೆಂದರೆ, ಹರಿಯದಿದ್ದರೆ ಕೇಳುತ್ತಿದ್ದೆನೇನೋ. ಮೇಷ್ಟ್ರು ಮಾತ್ರ ನಗಲಿಲ್ಲ. ಮುಂದಿನ ಭಾನುವಾರದೊಳಗೆ ಸರಿಯಾದದ್ದು ಬರೆದು ತರದಿದ್ದರೆ ಲಾಯದ ಬೀದಿಯನ್ನು ಪುಸ್ತಕದಿಂದಲೇ ಕೈಬಿಡುವುದಾಗಿ ಹೇಳಿದರು.

ನಾನು ಕೊಂಚ ಸಿಟ್ಟಿನಲ್ಲೇ ಅಜ್ಜಿಯ ಬಳಿ ಹೋದೆ. "ಏನಜ್ಜಿ, ಆ ಹೊಳೆ ಇಲ್ಲೆಲ್ಲಿತ್ತು?"

"ಇಲ್ಲೆಲ್ಲಿ ಒಳೆ ಬತ್ತದಪ್ಪ? ಅದು ನಾ ಉಟ್ಟಿದೂರು. ನಿಮ್ ಕ್ವಾಟೆ ಕಡೆ, ಅಂತರಸಂತೆ ತಾವ."

"ನಾನು ಈ ಬೀದಿ ವಿಚಾರ ಬರೆಯೋಕೆ ಬಂದಿದ್ದಲ್ವಾ?"

"ನೀನು ಬೀದಿ ಇಚಾರ ಯಾವತ್ತು ಕೇಳ್ದೆ ಯೋಳು? ಆಮೇಕೇನಾಯ್ತು, ಆಮೇಕೇನಾಯ್ತು ಅಂತಿದ್ದೆ. ಯೋಳ್ದೆ."

ಮಾತು ನಿಜ. ನೋಟ್‌ಬುಕ್ಕಿನಲ್ಲಿ ಕುದುರೆ ಎಂಬ ಪದವೇ ಇರಲಿಲ್ಲ. ನನ್ನ ಸಿಟ್ಟು ಇಳಿಯಿತು. ಅಜ್ಜಿ ಮೊರವನ್ನು ಪಕ್ಕಕ್ಕಿಟ್ಟು, "ನಮ್ಮೂರು ಈಗಿಲ್ಲ ಕಣಪ್ಪ. ಕಟ್ಟೆ ಕಟ್ಟಿದ್ ಮ್ಯಾಕೆ ನೀರೊಳೀಕೆ ಓಯ್ತು. ಅಣ್ಣತಮ್ಮದೀರು ದಿಕ್ಕಿಗೊಬ್ರಾದ್ರು. ಇಷ್ಟ್ ವರ್ಸ ಯಾರೂ ಕೇಳ್ನಿಲ್ಲ. ನೀ ಕೇಳ್ದೆ, ಬಾಯಿ ನಿಲ್ನಿಲ್ಲ" ಎಂದರು. ಕಪಿಲೆಗೆ ಕಟ್ಟಿದ ಕಬಿನಿ ಅಣೆಕಟ್ಟಿನ ನೀರನ್ನು ನಾನು ಪಿಕ್ನಿಕ್ಕಿಗೆ ಹೋಗಿ ನೋಡಿದ್ದೆ, ದಡದಲ್ಲಿ ಕೂತು ಚಿತ್ರಾನ್ನ ತಿಂದಿದ್ದೆ. ಈಗ ಆ ಚಿತ್ರಾನ್ನ ನೆನಪಾಗಿ ನಾಚಿಕೆಯಾಯಿತು. ನನ್ನ ಊರಿಗೆ ಬಸ್ಸಾದರೂ ಇತ್ತು.

"ಪುಸ್ತಕದಲ್ಲಿ ಇದೆಲ್ಲ ಬರೋದಿಲ್ಲವಂತೆ ಅಜ್ಜಿ" ಎಂದೆ. ಹೇಳುವಾಗ ಸಂಕಟವಾಯಿತು.

"ಬುಡು. ಬೀದಿ ಇಚಾರ ತಾನೆ, ಬರ್ಕೊ" ಎಂದವರೇ ಐದು ಮಾತಿನಲ್ಲಿ ಮುಗಿಸಿದರು: ಹದಿನೆಂಟು ಕುದುರೆ ಇದ್ದವು, ಮಾವನವರು ಹುರುಳಿ ಬೇಯಿಸುತ್ತಿದ್ದರು, ಬಾವಿ ಮೂಲೆಯಲ್ಲಿತ್ತು, ಈಗ ಮುಚ್ಚಿದ್ದಾರೆ, ಕುದುರೆಗಳು ಎಲ್ಲಿ ಹೋದವೋ ತಿಳಿಯದು. ನಾನು ನೋಟ್‌ಬುಕ್ ಮುಚ್ಚಿದೆ. ಆಗ ಅಜ್ಜಿ, "ನಿಂದೂ ಕ್ವಾಟೆ ಅಂದ್ಯಲ್ಲ. ನಿಮ್ಮನೆ ಎಲ್ಲಿತ್ತು? ಯೋಳು" ಎಂದರು. ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಸ್ಕೂಟರ್ ಅಂಗಡಿಯವನಿಗೆ ಹೇಳಲಾಗದ್ದನ್ನೆಲ್ಲ ಹೇಳಿದೆ, ಊಟದ ಹೊತ್ತು ಮೀರಿತ್ತು.

ಪುಸ್ತಕ ಬಂತು. ಲಾಯದ ಬೀದಿಗೆ ಐದು ಸಾಲು, ಕೆಳಗೆ ಚಿಕ್ಕತಾಯಮ್ಮನವರ ಹೆಸರು. ಅರ್ಧ ತುಂಬಿದ್ದ ನೋಟ್‌ಬುಕ್ ಈಗ ಪೂರ್ತಿ ತುಂಬಿ ಎರಡನೆಯದು ನಡೆಯುತ್ತಿದೆ. ಮೊನ್ನೆ ಭಾನುವಾರ ಚಪ್ಪಲಿ ಹುಡುಕುತ್ತಿದ್ದಾಗ ಹೆಂಡತಿ, "ಪುಸ್ತಕ ಬಂದು ಎರಡು ವರ್ಷ ಆಯ್ತು, ಇನ್ನೂ ಅದೆಂಥ ಬೀದಿ ಚರಿತ್ರೆ?" ಎಂದಳು.

"ಹರಿಗೋಲು ಇನ್ನೂ ಆ ದಡದಲ್ಲೇ ಇದೆ ಕಣೇ" ಎಂದೆ.

ಅವಳು ಒಳಗೆ ಹೋಗಿ ಚೀಲ ತಂದು, "ಬರ್ತಾ ಅವರೆಕಾಯಿ ತನ್ನಿ" ಎಂದಳು. ಮನೆಯ ಹಿಂದಿನ ಲಾಯದ ಬೀದಿಯಲ್ಲಿ ಅವರೆಕಾಯಿ ಮಾರುವುದಿಲ್ಲ ಎಂಬುದು ನನಗೆ ನೆನಪಾದದ್ದು ಅಜ್ಜಿಯ ಜಗಲಿ ಹತ್ತಿ, ಚೀಲವನ್ನು ಮಡಿಸಿ ಪಕ್ಕದಲ್ಲಿಟ್ಟುಕೊಂಡು ಕೂತ ಮೇಲೆ.