ಅಟ್ಟ ಹತ್ತಿದ ಅಳಿಯ

ಎಲ್ಲಕ್ಕೂ ಮೂಲ ಒಂದು ಕುರ್ಚಿ. ಮಾವನ ಮನೆಗೆ ಕಾಲಿಟ್ಟ ಕೂಡಲೇ ಅದು ಅಳಿಯನ ಮುಂದೆ ಬಂದು ನಿಲ್ಲುತ್ತಿತ್ತು. ಮದುವೆಯಾಗಿ ನಾಲ್ಕು ವರ್ಷವಾದರೂ "ಬನ್ನಿ ಬನ್ನಿ, ಕೂತ್ಕೊಳ್ಳಿ" ತಪ್ಪಿರಲಿಲ್ಲ. ಮಿಕ್ಕವರೆಲ್ಲ ಅಡುಗೆಮನೆಯಲ್ಲಿ ಒಬ್ಬರನ್ನೊಬ್ಬರು ಬೈದುಕೊಂಡು, ಬಿದ್ದು ಬಿದ್ದು ನಗುತ್ತಿದ್ದರೆ ಇವನು ಹಜಾರದಲ್ಲಿ ನಿನ್ನೆಯ ಪೇಪರಿನ ಜಾಹೀರಾತು ಓದಬೇಕು. ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದರೆ ನಗು ಪಟ್ಟನೆ ನಿಲ್ಲುತ್ತಿತ್ತು. ನೋಡಿದವರು ಇದನ್ನು ಮರ್ಯಾದೆ ಅನ್ನುತ್ತಿದ್ದರು. ಇವನಿಗೆ ಮಾತ್ರ ದವಾಖಾನೆಯ ಬೆಂಚಿನ ಮೇಲೆ ಕೂತ ಹಾಗಿರುತ್ತಿತ್ತು. ಒಮ್ಮೆಯಾದರೂ ಮಾವನ ಬಾಯಲ್ಲಿ 'ನಮ್ಮನೆಯವನು' ಅನ್ನಿಸಿಕೊಳ್ಳಬೇಕೆಂಬುದು ಅವನ ಆಸೆ.

ಮಾವ ಬಾಡಿಗೆ ಮನೆ ಬದಲಾಯಿಸುವ ದಿನ ಬಂತು. ಹೆಂಡತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. "ನೀವಾದ್ರೂ ಹೋಗಿ ಒಂದು ಕೈ ಹಾಕಿ," ಎಂದು ಕಳಿಸಿದಳು.

ಕೈ ಹಾಕಲು ಬಿಟ್ಟರೆ ತಾನೇ! ಬಕೆಟ್ ಎತ್ತಿದರೆ ಭಾವಮೈದ ಕಿತ್ತುಕೊಂಡ. ಚಾಪೆ ಸುತ್ತಲು ಬಗ್ಗಿದರೆ ಅತ್ತೆ, "ಅಯ್ಯಯ್ಯೋ, ನೀವ್ಯಾಕೆ? ಸುಮ್ನೆ ಕೂತಿರಿ," ಎಂದು ಓಡಿಬಂದರು. ಹಜಾರ ಖಾಲಿಯಾದಾಗ ಕುರ್ಚಿ ಕೋಣೆಗೆ ಹೋಯಿತು, ಕೋಣೆ ಖಾಲಿಯಾದಾಗ ವರಾಂಡಕ್ಕೆ. ಅದರ ಹಿಂದೆ ಹಿಂದೆ ಅಳಿಯ.

ಬೆಳಗಿನಿಂದ ಗೇಟಿಗೆ ಆತುಕೊಂಡು ಉಸ್ತುವಾರಿ ನಡೆಸಿದ್ದ ಎದುರುಮನೆಯ ಆಂಟಿ, "ಇವರನ್ನ ಕೊನೇಲಿ ಟೆಂಪೋಗೆ ಹಾಕ್ತೀರಾ?" ಎಂದು ಕೇಳಿಯೇಬಿಟ್ಟರು.

ಅಷ್ಟರಲ್ಲಿ ಅತ್ತೆ ಮಗನಿಗೆ ಕೂಗಿ ಹೇಳಿದ್ದು ಕೇಳಿಸಿತು. "ಅಟ್ಟದ ಮೇಲೊಂದು ಟ್ರಂಕಿದೆ, ಇಳಿಸೋ!"

"ಆಮೇಲೆ," ಎಂದ ಭಾವಮೈದ.

ಅಳಿಯ ಆಚೀಚೆ ನೋಡಿದ. ಶರ್ಟು ಬಿಚ್ಚಿ, ಫೋನಿನ ಸಮೇತ ಕುರ್ಚಿಗೆ ನೇತುಹಾಕಿ, ಸದ್ದಿಲ್ಲದೆ ಒಳಗೆ ಹೋಗಿ ಏಣಿ ಹತ್ತಿದ. ಟ್ರಂಕು ದೂರದ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು. ಅದರ ಹಿಂದಕ್ಕೆ ತೂರಿ, ಮೈಯೆಲ್ಲ ಮಸಿ ಮೆತ್ತಿಕೊಂಡು ತಳ್ಳತೊಡಗಿದ.

ಕೆಳಗೆ ಅತ್ತೆಯ ಮನಸ್ಸು ಬದಲಾಯಿತು. "ಆ ಟ್ರಂಕು ಬಿಡು, ಹರಕು ಬಟ್ಟೆ ಅದರಲ್ಲಿ. ಏಣಿ ಮರೀಬೇಡ." ಭಾವಮೈದ ಏಣಿ ಹೊತ್ತೊಯ್ದ. ಕೂಲಿಯವರು ಶರ್ಟಿನ ಸಮೇತ ಕುರ್ಚಿಯನ್ನು ಹಾಸಿಗೆಗಳ ನಡುವೆ ತುರುಕಿದರು. ಅಳಿಯಂದಿರು ಎಲ್ಲಿ ಎಂದು ಯಾರೋ ಕೇಳಿದಾಗ ಅತ್ತೆ, "ಕೂತೂ ಕೂತೂ ಬೇಜಾರಾಗಿ ಮನೆಗೆ ಹೋಗಿರ್ತಾರೆ, ಪಾಪ," ಎಂದರು. ಟೆಂಪೋದ ಗದ್ದಲದಲ್ಲಿ ಅಟ್ಟದ ಸದ್ದು ಯಾರಿಗೂ ಕೇಳಲಿಲ್ಲ. ಬೀಗ ಬಿತ್ತು.

ಗೆದ್ದೆನೆಂಬ ಹಿಗ್ಗಿನಲ್ಲಿ ಟ್ರಂಕನ್ನು ಅಂಚಿಗೆ ತಂದ ಅಳಿಯ ಕೆಳಗೆ ನೋಡಿದರೆ ಏಣಿಯೂ ಇಲ್ಲ, ಸಂಸಾರವೂ ಇಲ್ಲ. ಕೂಗಿ ಕೂಗಿ ಗಂಟಲು ಕಟ್ಟಿತು. ಕೊನೆಗೆ ಧೈರ್ಯ ಮಾಡಿ ಅಂಚು ಹಿಡಿದು ಜೋತಾಡುವ ಹೊತ್ತಿಗೆ ಬಾಗಿಲು ತೆರೆಯಿತು. ಮನೆ ಓನರೂ ಎದುರುಮನೆಯ ಆಂಟಿಯೂ ಒಳಗೆ ಬಂದರು. ಗಾಬರಿಯಲ್ಲಿ ಕೈ ಜಾರಿತು. ಮೊದಲು ಅಳಿಯ ಬಿದ್ದ, ಪಕ್ಕದಲ್ಲೇ ಟ್ರಂಕು ಬಿತ್ತು.

"ಯಾವನೋ ನೀನು?" ಓನರ್ ಕೊರಳಪಟ್ಟಿಗೆ ಕೈ ಹಾಕಿದರು. ಪಟ್ಟಿಯಿಲ್ಲದ್ದರಿಂದ ಬನಿಯನ್ನೇ ಹಿಡಿದರು.

'ಅಳಿಯ' ಎಂಬ ಮಾತು ನಾಲಗೆಯ ತುದಿಗೆ ಬಂತು. ಇಷ್ಟೆಲ್ಲ ಪಾಡು ಪಟ್ಟ ಮೇಲೂ ಮತ್ತೆ ಅಳಿಯನೇ? ನುಂಗಿಕೊಂಡ. "ನಾನು ಈ ಮನೆಯವನು ಸಾರ್!"

"ಸುಳ್ಳು," ಎಂದರು ಆಂಟಿ, ಆ ಮಸಿ ಮುಖವನ್ನು ದಿಟ್ಟಿಸಿ. "ಮನೆಯವರೆಲ್ಲ ಬೆವರು ಸುರಿಸಿ ಸಾಮಾನು ಹೊತ್ತಿದ್ದನ್ನ ನಾನೇ ನೋಡಿದ್ದೀನಿ. ಇವನೊಂದು ಚೆಂಬೂ ಹೊತ್ತಿಲ್ಲ."

ಓನರ್ ಮಾವನಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದರು. "ನಿಮ್ಮ ಅಟ್ಟದಿಂದ ಒಬ್ಬ ಬಿದ್ದಿದ್ದಾನೆ. ನಿಮ್ಮನೆಯವನು ಅಂತಾನೆ."

ಬಾಯಿಬಿಟ್ಟು 'ಮಾವ' ಎಂದಿದ್ದರೆ ಸಾಕಿತ್ತು. ಆದರೆ ನಾಲ್ಕು ವರ್ಷ ಕಾದ ಮಾತು ಈಗ ಮಾವನ ಬಾಯಿಂದ ತಾನಾಗಿ ಬರಲಿದೆ ಎಂದು ಅಳಿಯ ಸುಮ್ಮನಾದ.

"ತಡೀರಿ, ನೋಡ್ತೀನಿ," ಎಂದರು ಮಾವ. ತಟ್ಟೆಗಳ ಸದ್ದಿನ ನಡುವೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗಿದರು. ಒಬ್ಬೊಬ್ಬರೂ ಓಗೊಟ್ಟರು. ಅಳಿಯ ಕಿವಿ ನಿಮಿರಿಸಿ ನಿಂತ.

"ನಮ್ಮನೆಯವರೆಲ್ಲ ಇಲ್ಲೇ ಊಟಕ್ಕೆ ಕೂತಿದ್ದೀವಿ, ಒಬ್ರೂ ಕಮ್ಮಿ ಇಲ್ಲ," ಎಂದು ಮಾವ ನೆಮ್ಮದಿಯಿಂದ ಹೇಳಿದರು. "ಅವನನ್ನ ಮಾತ್ರ ಬಿಡಬೇಡಿ."